ಟ್ಯೂಬ್ ಪೆಡಲ್ ಕೊಳ್ಳಲು ಹಳೆಯ ಪೆಡಲ್ ಮಾರಬೇಡಿ

ಮಾರಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇರುವ ಡಿಸ್ಟಾರ್ಷನ್ ಪೆಡಲ್ (ಗಿಟಾರಿನ ಸದ್ದನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಮಾರಿ, ಒಳಗೆ ವ್ಯಾಕ್ಯೂಮ್ ಟ್ಯೂಬ್ (ಹಳೆಯ ರೇಡಿಯೋಗಳಲ್ಲಿದ್ದಂಥ, ಸಿಗ್ನಲ್ ಹಿಗ್ಗಿಸುವ ಗಾಜಿನ ಕೊಳವೆ) ಇರುವ ಪೆಡಲ್ ತಗೊಂಡರೆ ಟ್ಯೂಬ್ ಆಂಪಿನ, ಅಂದರೆ ಟ್ಯೂಬ್ ಬಳಸುವ ಗಿಟಾರ್ ಆಂಪ್ಲಿಫೈಯರಿನ ಸದ್ದು ಬರುತ್ತಾ ಎಂದು ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ನಾನು ಯಾರನ್ನೂ ಕೇಳಲಿಲ್ಲ. ಸೀದಾ ಅಂಗಡಿಗೆ ಹೋದೆ.

ನನ್ನ ಹತ್ತಿರ ಇದ್ದದ್ದು ಸಾಧಾರಣ ಪೆಡಲ್. ಸಿಗ್ನಲ್ ಹಿಗ್ಗಿಸುವ ಒಂದು ಆಪ್-ಆಂಪ್ ಚಿಪ್, ಅದರ ಅಲೆಯ ತುದಿಗಳನ್ನು ಕತ್ತರಿಸುವ ಎರಡು ಡಯೋಡ್, ಮೂರು ನಾಬ್. ಅಂಗಡಿಯಲ್ಲಿದ್ದ ಹೊಸ ಪೆಡಲ್‌ಗೆ ಮುಂದೆ ಗಾಜಿನ ಕಿಟಕಿ. ಒಳಗೆ 12ಎಎಕ್ಸ್7 ಎಂಬ ಮಾದರಿಯ ಟ್ಯೂಬ್, ಕಿತ್ತಳೆ ಬಣ್ಣದಲ್ಲಿ ಬೆಳಗುತ್ತಿತ್ತು. ಎರಡನ್ನೂ ಒಂದೇ ಆಂಪಿಗೆ ಹಾಕಿ, ಎಲ್ಲಾ ನಾಬ್‌ಗಳನ್ನೂ ನಡುವಿಗೆ ಇಟ್ಟು, ಒಂದೇ ರಿಫ್ (ಚಿಕ್ಕ ಸ್ವರಗುಚ್ಛ) ನುಡಿಸಿದೆ. ಹೊಸದರಲ್ಲಿ ಬೇಸ್ ತುಂಬಿ ಬಂತು. ತಂತಿಗಳು ಕಿವಿಯ ಪಕ್ಕದಲ್ಲೇ ಇವೆ ಅನ್ನಿಸಿತು. ಹತ್ತೇ ನಿಮಿಷದಲ್ಲಿ ತೀರ್ಮಾನ ಆಯ್ತು. ಅದೇ ವಾರ ಹಳೆಯದನ್ನು ಮಾರಿದೆ.

ನಾನು ಮಾಡಿದ ತಪ್ಪು ಒಂದೇ, ಎರಡರ ವಾಲ್ಯೂಮ್ ಸಮ ಮಾಡಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಅಂಗಡಿಯಲ್ಲಿ ಇದನ್ನೇ ಮಾಡುತ್ತೀರಿ. ನಾಬ್ ನಡುವಿನಲ್ಲಿದೆ ಎಂದ ಮಾತ್ರಕ್ಕೆ ಎರಡು ಪೆಡಲ್‌ಗಳ ಸದ್ದಿನ ಮಟ್ಟ ಒಂದೇ ಆಗುವುದಿಲ್ಲ. ಹೊಸದು ಸ್ವಲ್ಪ ಜೋರಾಗಿತ್ತು. ಒಂದೆರಡು ಡೆಸಿಬಲ್ ವ್ಯತ್ಯಾಸ ಇದ್ದರೆ ನಮ್ಮ ಕಿವಿ ಅದನ್ನು ‘ಜೋರು’ ಎಂದು ಗುರುತಿಸುವುದಿಲ್ಲ, ‘ಚೆನ್ನಾಗಿದೆ’ ಎಂದು ಗುರುತಿಸುತ್ತದೆ. ಜೊತೆಗೆ ಕಿವಿಗೆ ಇನ್ನೊಂದು ಗುಣ ಇದೆ. ಸದ್ದು ಕಡಿಮೆ ಇದ್ದಾಗ ಬೇಸ್ ಸರಿಯಾಗಿ ಕೇಳುವುದಿಲ್ಲ, ಜೋರಾದಂತೆ ಬೇಸ್ ತಾನೇ ತುಂಬಿಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಇದನ್ನು ಅಳೆದು ಗ್ರಾಫ್ ಮಾಡಿ ತೋರಿಸಿದ್ದಾರೆ. ನಾನು ‘ಟ್ಯೂಬಿನ ತುಂಬು ಸದ್ದು’ ಎಂದುಕೊಂಡಿದ್ದರಲ್ಲಿ ಹೆಚ್ಚಿನ ಪಾಲು ಬರೀ ವಾಲ್ಯೂಮ್.

ಮನೆಯಲ್ಲಿ ಮೆಲ್ಲಗೆ ನುಡಿಸಿದಾಗ ಆ ತುಂಬು ಸದ್ದು ಬರಲೇ ಇಲ್ಲ. ಆಗಲಾದರೂ ಅರ್ಥ ಆಗಬೇಕಿತ್ತು. ನಾನು ಟ್ಯೂಬ್ ಸರಿಯಿಲ್ಲ ಎಂದುಕೊಂಡೆ. ಒಂದು ಬದಲಾಯಿಸಿದೆ, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಪ್ರತಿ ಸಲವೂ ಎರಡು ದಿನ ಖುಷಿ, ಮೂರನೇ ದಿನ ಅದೇ ಸಪ್ಪೆ ಸದ್ದು.

ಕೊನೆಗೆ ಎಲೆಕ್ಟ್ರಾನಿಕ್ಸ್ ಗೊತ್ತಿರುವ ಗೆಳೆಯನೊಬ್ಬ ಪೆಡಲ್ ಬಿಚ್ಚುವ ಮೊದಲೇ ಕೇಳಿದ: “ಅಡಾಪ್ಟರ್ ಹಾಕಿದ ಕೂಡಲೇ ಇದು ಹೊತ್ತಿಕೊಳ್ಳುತ್ತಾ?” ಹೌದು ಎಂದೆ. “ಹಾಗಾದರೆ ಆ ಬೆಳಕು ಟ್ಯೂಬಿನದಲ್ಲ,” ಎಂದ. ಟ್ಯೂಬಿನ ಒಳಗಿನ ಹೀಟರ್ ಕಾಯಲು ಹಲವು ಸೆಕೆಂಡ್ ಬೇಕು. ಕಾದ ಮೇಲೂ ಮಂಕಾದ ಕೆಂಪು, ಬೆಳಕಿರುವ ಕೋಣೆಯಲ್ಲಿ ಕಾಣುವುದೇ ಕಷ್ಟ. ಬಿಚ್ಚಿ ನೋಡಿದರೆ ಟ್ಯೂಬಿನ ಕೆಳಗೆ ಒಂದು ಕಿತ್ತಳೆ ಎಲ್‌ಇಡಿ ಕೂತಿತ್ತು.

ಮಲ್ಟಿಮೀಟರ್ ಹಿಡಿದ. ಟ್ಯೂಬಿನ ಪ್ಲೇಟ್ (ವೋಲ್ಟೇಜ್ ಕೊಡುವ ಒಳಗಿನ ಲೋಹದ ಭಾಗ) ಮೇಲೆ 11 ವೋಲ್ಟ್. ಗಿಟಾರ್ ಆಂಪಿನಲ್ಲಿ ಇದೇ 12ಎಎಕ್ಸ್7ನ ಪ್ಲೇಟಿಗೆ ನೂರರ ಮೇಲೆ, ಕೆಲವು ಕಡೆ 200ರ ಮೇಲೂ ವೋಲ್ಟ್ ಸಿಗುತ್ತದೆ. ಅಷ್ಟು ವೋಲ್ಟೇಜ್ ಇದ್ದಾಗಲೇ ಅದು ನಮಗೆ ಇಷ್ಟವಾಗುವ ರೀತಿಯಲ್ಲಿ ಮೆಲ್ಲಮೆಲ್ಲಗೆ ‘ಒಡೆಯುವುದು’, ಅಂದರೆ ಸದ್ದು ಒರಟಾಗುವುದು. ಗಟ್ಟಿಯಾಗಿ ಮೀಟಿದರೆ ಕೊರಕೊರ, ಮೆತ್ತಗೆ ಮುಟ್ಟಿದರೆ ತಿಳಿ. 11 ವೋಲ್ಟಿನಲ್ಲಿ ಅದಕ್ಕೆ ಕೈಕಾಲು ಆಡಿಸಲು ಜಾಗವೇ ಇಲ್ಲ. ಇನ್ನೂ ಬೇಜಾರಾದ ವಿಷಯ ಅಂದ್ರೆ, ಟ್ಯೂಬಿಗೆ ಮುಂಚೆ ಸರ್ಕ್ಯೂಟಿನಲ್ಲಿ ಒಂದು ಆಪ್-ಆಂಪ್, ಎರಡು ಡಯೋಡ್ ಇದ್ದವು. ಡಿಸ್ಟಾರ್ಷನ್ ಬಹುಪಾಲು ಅಲ್ಲೇ ಆಗುತ್ತಿತ್ತು. ನಾನು ಮಾರಿದ ಪೆಡಲ್‌ನಲ್ಲೂ ಇದ್ದದ್ದು ಅವೇ ಅಲ್ವಾ?

ಅವನು ಅಷ್ಟಕ್ಕೇ ಬಿಡಲಿಲ್ಲ. ನಾನು ಮಾರಿದ ಮಾಡೆಲ್ಲನ್ನೇ ಯಾರಿಂದಲೋ ತಂದ. ನನ್ನ ರಿಫ್ ಒಂದನ್ನು ಲೂಪರ್‌ನಲ್ಲಿ (ನುಡಿಸಿದ್ದನ್ನು ಹಿಡಿದು ಮತ್ತೆಮತ್ತೆ ಕೇಳಿಸುವ ಸಾಧನ) ಹಿಡಿದು, ಎರಡೂ ಪೆಡಲ್‌ಗಳ ಮಟ್ಟವನ್ನು ಮೀಟರ್ ನೋಡಿ ಸಮ ಮಾಡಿದ. ನಾನು ಗೋಡೆಯ ಕಡೆ ತಿರುಗಿ ಕೂತೆ. ಯಾವುದು ಇಷ್ಟ ಎಂದು ಹತ್ತು ಸಲ ಕೇಳಿದ. ಏಳು ಸಲ ನಾನು ಹಳೆಯದನ್ನೇ ಆರಿಸಿದ್ದೆ. ಆ ಸಂಜೆ ತುಂಬಾ ಹೊತ್ತು ನನಗೆ ಮಾತೇ ಹೊರಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನಗನಿಸುತ್ತದೆ. ಪೆಡಲ್‌ನಲ್ಲಿ ಟ್ಯೂಬ್ ಇದೆಯಾ ಎನ್ನುವುದಕ್ಕಿಂತ, ಪೆಡಲ್ ಆದಮೇಲೆ ಏನಿದೆ ಎಂದು ಕೇಳಿ. ಹೆಸರಲ್ಲೇ ಟ್ಯೂಬ್ ಇರುವ ಟ್ಯೂಬ್ ಸ್ಕ್ರೀಮರ್ ಪೆಡಲ್‌ನ ಒಳಗೆ ಟ್ಯೂಬ್ ಇಲ್ಲ. ಒಂದು ಆಪ್-ಆಂಪ್, ಅದರ ಫೀಡ್‌ಬ್ಯಾಕ್ ದಾರಿಯಲ್ಲಿ (ಹೊರಬಂದ ಸಿಗ್ನಲ್ ಮತ್ತೆ ಒಳಕ್ಕೆ ಹೋಗುವ ದಾರಿ) ಎರಡು ಸಿಲಿಕಾನ್ ಡಯೋಡ್, ಅಷ್ಟೇ. ಅದು ಬೇಸನ್ನು ಇಳಿಸಿ, ನಡುವಿನ ಸ್ವರಗಳನ್ನು ಮುಂದೆ ತಂದು ಆಂಪನ್ನು ತಳ್ಳುತ್ತದೆ. ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಬಳಸಿದ್ದು ಅದನ್ನೇ. ಅವರ ಸದ್ದಿನಲ್ಲಿ ಟ್ಯೂಬ್ ಖಂಡಿತ ಇತ್ತು, ಆದರೆ ಅದು ಇದ್ದದ್ದು ಜೋರಾಗಿ ಇಟ್ಟ ಆಂಪುಗಳಲ್ಲಿ. ಟ್ಯೂಬ್ ಮಾತ್ರ ‘ಇಂಪಾಗಿ’ ಒಡೆಯುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ಅಲೆಯ ಎರಡು ಬದಿ ಬೇರೆಬೇರೆ ರೀತಿ ಕತ್ತರಿಸಿದರೆ ಆ ಗುಣ ಸ್ವಲ್ಪ ಬರುತ್ತದೆ. 1977ರ ಬಾಸ್ ಓಡಿ-1 ಪೆಡಲ್ ಇದನ್ನು ಬರೀ ಡಯೋಡ್‌ಗಳಿಂದಲೇ ಮಾಡಿತ್ತು.

ಸ್ಪೀಕರ್ ಬಗ್ಗೆ ಯಾರೂ ಮಾತಾಡುವುದೇ ಇಲ್ಲ, ಅದು ನನಗೆ ಸಿಟ್ಟು ಬರಿಸುತ್ತದೆ. ಗಿಟಾರ್ ಆಂಪಿನ 12 ಇಂಚಿನ ಸ್ಪೀಕರ್ ಸುಮಾರು 5,000 ಹರ್ಟ್ಜ್‌ನ ಮೇಲೆ ಸದ್ದನ್ನು ತಟ್ಟನೆ ಇಳಿಸುತ್ತದೆ. ಡಿಸ್ಟಾರ್ಷನ್‌ನ ಕಿರಿಕಿರಿಯೆಲ್ಲ ಅಲ್ಲೇ ಸೋಸಿಹೋಗುತ್ತದೆ. ಎಂಥ ಪೆಡಲ್ಲನ್ನೇ ಆಗಲಿ ಸೀದಾ ಹೆಡ್‌ಫೋನ್‌ಗೆ ಹಾಕಿದರೆ ಜೇನುಹುಳುಗಳ ಗೂಡಿನಂತೆ ಕೇಳುತ್ತದೆ. ನೀವು ಹಾಗೆ ನುಡಿಸುತ್ತಿದ್ದರೆ ಟ್ಯೂಬ್ ಪೆಡಲ್ ನಿಮ್ಮನ್ನು ಕಾಪಾಡುವುದಿಲ್ಲ, ಸ್ಪೀಕರ್ ಪೆಟ್ಟಿಗೆಯ ಈ ಸೋಸುವಿಕೆಯನ್ನು ಅನುಕರಿಸುವ ಕ್ಯಾಬ್ ಸಿಮ್ಯುಲೇಟರ್ ಕಾಪಾಡುತ್ತದೆ.

ಎಲ್ಲಾ ಟ್ಯೂಬ್ ಪೆಡಲ್‌ಗಳೂ ಮೋಸ ಎನ್ನುತ್ತಿಲ್ಲ. ಒಳಗೇ ವೋಲ್ಟೇಜ್ ಏರಿಸಿ ಪ್ಲೇಟಿಗೆ 200 ವೋಲ್ಟ್ ಮೇಲೆ ಕೊಡುವಂಥವು ಇವೆ, ಅವು ನಿಜವಾಗಿಯೂ ಪ್ರಿಆಂಪ್‌ಗಳೇ (ಆಂಪಿನಲ್ಲಿ ಸದ್ದಿಗೆ ರೂಪ ಕೊಡುವ ಮೊದಲ ಹಂತ). ಅಂಥದ್ದನ್ನು ಪವರ್ ಆಂಪಿಗೆ (ಸ್ಪೀಕರ್ ನಡೆಸುವ ಕೊನೆಯ ಹಂತ) ಸೀದಾ ಹಾಕುವ ಯೋಚನೆ ಇದ್ದರೆ ಧಾರಾಳವಾಗಿ ಕೊಳ್ಳಿ. ಆದರೆ ಅವನ್ನು ಸುಮ್ನೆ ಬಿಚ್ಚಿ ಬೆರಳು ಹಾಕಬೇಡಿ. ಪವರ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ ಹೊಡೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮ ಪೆಡಲ್ಲನ್ನೂ ಜೊತೆಗೆ ಒಯ್ಯಿರಿ, ಎರಡರ ವಾಲ್ಯೂಮ್ ಸಮ ಮಾಡಿ, ಪೆಡಲ್ ಬದಲಿಸುವ ಕೆಲಸ ಬೇರೆಯವರಿಗೆ ಕೊಟ್ಟು ನೀವು ಆಕಡೆ ತಿರುಗಿ ನಿಲ್ಲಿ. ಇವತ್ತಿನ ಮಟ್ಟಿಗೆ ನಿಮ್ಮ ಆಂಪ್ ಯಾವುದು, ಅದರ ಸ್ಪೀಕರ್ ಎಷ್ಟು ಇಂಚಿನದು, ಮನೆಯಲ್ಲಿ ಎಷ್ಟು ಜೋರಾಗಿ ನುಡಿಸಬಹುದು ಎಂದು ಕೆಳಗೆ ಬರೆಯಿರಿ. ನನ್ನ ಆ ಹಳೆಯ ಮಾಡೆಲ್ ಮತ್ತೆ ಸಿಗಲು ನನಗೆ ಎರಡು ವರ್ಷ ಬೇಕಾಯ್ತು.