ದೇವರ ಹತ್ತಿರ ನೇರವಾಗಿ ಕ್ಷಮೆ ಕೇಳಬಹುದಲ್ಲ, ಕಥೋಲಿಕರು ಫಾದರ್ ಮುಂದೆ ಯಾಕೆ ಪಾಪನಿವೇದನೆ ಮಾಡುತ್ತಾರೆ?

ನೇರವಾಗಿಯೂ ಕೇಳುತ್ತೇವೆ. ಆದರೆ ಮನಸ್ಸಲ್ಲೇ ಕೇಳುವಾಗ ತಪ್ಪನ್ನು ಸ್ವಲ್ಪ ಮೆತ್ತಗೆ ಮಾಡಿಕೊಳ್ಳುತ್ತೇವೆ, ಅಲ್ವಾ? ಧಾರವಾಡದಲ್ಲಿ ಈಸ್ಟರ್‌ಗೆ ಮುಂಚೆ ಪಾಪನಿವೇದನೆಯ ಸಾಲಲ್ಲಿ ನಿಂತಾಗ 'ಅಣ್ಣನ ಜೊತೆ ಸ್ವಲ್ಪ ಮಾತು ಬಂತು' ಅಂತ ಸುಮ್ನೆ ಹೇಳಿ ಮುಗಿಸೋಣ ಅಂದುಕೊಂಡಿದ್ದೆ, ಫಾದರ್‌ಗೂ ನನಗೂ ನಡುವಿನ ಮರದ ಜಾಲರಿ ಮುಂದೆ ಮಂಡಿಯೂರಿದಾಗ ಬಾಯಿಗೆ ಬಂದದ್ದು 'ಎರಡು ವರ್ಷದಿಂದ ಅಣ್ಣನ ಮನೆ ಮೆಟ್ಟಿಲು ಹತ್ತಿಲ್ಲ ಫಾದರ್'.

ಕ್ಷಮಿಸುವವನು ದೇವರೇ. ಫಾದರ್ ಆ ಕ್ಷಮೆಯ ಮಾತನ್ನು ಕ್ರಿಸ್ತನ ಹೆಸರಲ್ಲಿ ನಮ್ಮ ಕಿವಿಗೆ ಬೀಳುವಂತೆ ಹೇಳುತ್ತಾರೆ, ಯೇಸು ಶಿಷ್ಯರಿಗೆ ಕೊಟ್ಟ ಅಧಿಕಾರ ಅದು (ಬೈಬಲ್, ಯೊವಾನ್ನ 20:23). ಕೇಳಿದ್ದನ್ನು ಅವರು ಯಾರಿಗೂ ಹೇಳುವಂತಿಲ್ಲ. ವರ್ಷಕ್ಕೊಮ್ಮೆಯಾದರೂ ಹೋಗಬೇಕು ಅನ್ನುವ ನಿಯಮ 1215ರಲ್ಲಿ ಬಿಷಪ್‌ಗಳು ಸೇರಿದ್ದ ಲ್ಯಾಟರನ್ ಮಹಾಸಭೆಯದು.

ಅವತ್ತು ನನಗೆ ಸಿಕ್ಕ ಪ್ರಾಯಶ್ಚಿತ್ತ, ಅಣ್ಣನ ಮನೆಗೆ ಹೋಗಿ ಬಾ ಅಂತ. ಸಂಜೆ ಅರ್ಧ ಕೆಜಿ ಪೇಡಾ ತಗೊಂಡು ಗದಗಿನ ಬಸ್ ಹತ್ತಿದೆ.