ಬೀಮರ್ ಬೇಕಂತಲೇ ಹಾಕಿದ್ದಾ? ಬರೀ ಲೆಕ್ಕದಿಂದ ಹೇಳೋಕಾಗುತ್ತಾ?

ನಮಸ್ಕಾರ. ಒಬ್ಬ ಫಾಸ್ಟ್ ಬೌಲರ್ ಒಂದೇ ಸೀಸನ್‌ನಲ್ಲಿ ಎರಡು ಬೀಮರ್ (ನೆಲಕ್ಕೆ ಬೀಳದೆ ನೇರವಾಗಿ ಬ್ಯಾಟ್ಸ್‌ಮನ್ ಸೊಂಟದ ಮೇಲಕ್ಕೆ ಬರೋ ಬಾಲ್) ಹಾಕಿದಾನೆ, ಎರಡೂ ಸಿಕ್ಸ್ ಹೊಡೆಸ್ಕೊಂಡ ಮೇಲೇ ಬಂದಿವೆ, ಇದು ಆಕಸ್ಮಿಕವಾಗಿ ಆಗೋ ಚಾನ್ಸ್ ಸಾವಿರಕ್ಕೆ ಒಂದೂ ಇಲ್ಲ, ಹಾಗಿದ್ರೂ ನೀವ್ಯಾಕೆ ಹೆಸರು ಹಾಕಿ ಬರೀಲಿಲ್ಲ ಅಂತ ಕೇಳಿದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. 2014ರಲ್ಲಿ ಆಸ್ಟ್ರೇಲಿಯಾ ಬ್ಯಾಟ್ಸ್‌ಮನ್ ಫಿಲಿಪ್ ಹ್ಯೂಸ್ ಕುತ್ತಿಗೆಗೆ ಬೌನ್ಸರ್ (ನೆಲಕ್ಕೆ ಬಿದ್ದು ತಲೆ ಎತ್ತರಕ್ಕೆ ಪುಟಿಯೋ ಬಾಲ್) ಬಿದ್ದು ತೀರಿಕೊಂಡ ಮೇಲೆ ತಲೆ ಹತ್ರ ಬರೋ ಯಾವ ಬಾಲನ್ನೂ ಹಗುರವಾಗಿ ನೋಡೋಕಾಗಲ್ಲ.

ಆದ್ರೆ ಲೆಕ್ಕ ನೀವು ಹೇಳಿದಷ್ಟು ಸುಲಭ ಇಲ್ಲ. ಆಕಸ್ಮಿಕವಾಗಿ ಹೀಗಾಗೋದು ಅಪರೂಪ ಅನ್ನೋದು ಒಂದು ಮಾತು, ಹೀಗಾಗಿದೆ ಅಂದ್ಮೇಲೆ ಅದು ಆಕಸ್ಮಿಕ ಆಗಿರೋದು ಅಪರೂಪ ಅನ್ನೋದು ಪೂರ್ತಿ ಬೇರೆ ಮಾತು. ಒಂದು ಲೀಗ್‌ನಲ್ಲಿ 120 ಬೌಲರ್‌ಗಳಿದಾರೆ, ಎಲ್ಲರೂ ಸೇರಿ ಕೈ ತಪ್ಪಿ 36 ಬೀಮರ್ ಹಾಕಿದಾರೆ ಅಂತ ಸುಮ್ನೆ ಊಹಿಸ್ಕೊಳ್ಳಿ. ಅವು ಬರೀ ಅದೃಷ್ಟದ ಮೇಲೆ ಹಂಚಿಹೋದ್ರೂ ಸುಮಾರು ನಾಲ್ಕು ಜನರ ಹೆಸರಲ್ಲಿ ಎರಡೋ ಅದಕ್ಕಿಂತ ಜಾಸ್ತಿನೋ ಇರ್ತವೆ. ಆಮೇಲೆ ನಾವು ಆ ನಾಲ್ಕು ಜನರನ್ನಷ್ಟೇ ಹುಡುಕಿ ತೆಗೆದು ಇವನಿಗೇ ಯಾಕೆ ಹೀಗಾಯ್ತು ಅಂತ ಕೇಳಿದ್ರೆ ಉತ್ತರ ಮೊದಲೇ ತೀರ್ಮಾನ ಆಗಿಹೋದಂಗೆ.

ಸಿಕ್ಸ್ ಆದ್ಮೇಲೆ ಬಂತು ಅನ್ನೋದು ಬಲವಾದ ಪಾಯಿಂಟೇ, ಅದನ್ನ ನಾನು ತಳ್ಳಿಹಾಕಲ್ಲ. ಆದ್ರೆ ಸಿಕ್ಸ್ ಜಾಸ್ತಿ ಹೋಗೋದು ಡೆತ್ ಓವರ್‌ಗಳಲ್ಲಿ, ಅಂದ್ರೆ ಇನ್ನಿಂಗ್ಸ್‌ನ ಕೊನೆ ಓವರ್‌ಗಳಲ್ಲಿ, ಯಾರ್ಕರ್ (ಬ್ಯಾಟ್ಸ್‌ಮನ್ ಕಾಲ ಬುಡಕ್ಕೆ ಬೀಳೋ ಬಾಲ್) ಜಾಸ್ತಿ ಟ್ರೈ ಮಾಡೋದೂ ಆಗಲೇ, ರಾತ್ರಿ ಮ್ಯಾಚಾದ್ರೆ ಬಾಲ್ ಮಂಜಿಗೆ ಒದ್ದೆಯಾಗಿ ಜಾರೋದೂ ಆಗಲೇ. ಯಾರ್ಕರ್ ಆಗಬೇಕಾದ ಬಾಲ್ ಸೊಂಟದ ಎತ್ತರಕ್ಕೆ ಹೋಗೋಕೆ ಬಿಡೋ ಕೋನದಲ್ಲಿ ಮೂರು ಡಿಗ್ರಿ ಆಸುಪಾಸು ವ್ಯತ್ಯಾಸ ಆದ್ರೆ ಸಾಕು, ಕೈ ತಿರುಗೋ ವೇಗ ನೋಡಿದ್ರೆ ಅದು ಒಂದೆರಡು ಮಿಲಿಸೆಕೆಂಡ್ ಬೇಗ ಬಿಟ್ಟಂಗೆ ಅಷ್ಟೇ. ಹಾಗಾಗಿ ಹೋಲಿಸಬೇಕಾದ್ದು ಅದೇ ಬೌಲರ್, ಅದೇ ಓವರ್‌ಗಳಲ್ಲಿ, ಅದೇ ಥರ ಒದ್ದೆ ಬಾಲಲ್ಲಿ ಟ್ರೈ ಮಾಡಿದ ಎಲ್ಲಾ ಯಾರ್ಕರ್‌ಗಳನ್ನ. ಅದರಲ್ಲಿ ಸಿಕ್ಸ್ ಹೋದ್ಮೇಲೆ ತಪ್ಪಿದ್ದೆಷ್ಟು, ಡಾಟ್ ಬಾಲ್ (ರನ್ ಬರದ ಬಾಲ್) ಆದ್ಮೇಲೆ ತಪ್ಪಿದ್ದೆಷ್ಟು? ತಪ್ಪಿದ ಬಾಲ್‌ಗಳು ಎರಡೂ ಕಡೆ ಚದುರಿವೆಯಾ ಇಲ್ಲ ಪ್ರತಿ ಸಲ ಮೈ ಮೇಲೇ ಬಂದಿವೆಯಾ? ಒಬ್ಬನೇ ಬ್ಯಾಟ್ಸ್‌ಮನ್‌ಗೆ ಮತ್ತೆ ಮತ್ತೆ ಬಂದಿದ್ಯಾ? ವರ್ಷಗಟ್ಟಲೆ ಡೇಟಾದಲ್ಲಿ ಇವೆಲ್ಲ ಒಂದೇ ಕಡೆ ವಾಲಿದ್ರೆ ಆಗ ನನಗೂ ಅನುಮಾನ ಬರುತ್ತೆ, ಮ್ಯಾಚ್ ರೆಫರಿ ಕರೆದು ಕೇಳಲೇಬೇಕು ಅಂತೀನಿ. ಎರಡು ಬಾಲ್ ನೋಡಿ ಈ ಮಾತು ಹೇಳೋಕಾಗಲ್ಲ.

ಇದರ ಇನ್ನೊಂದು ಮುಖಾನೂ ಇದೆ. 2006ರಲ್ಲಿ ಫೈಸಲಾಬಾದ್ ಟೆಸ್ಟಲ್ಲಿ ಧೋನಿಗೆ ಹಾಕಿದ ಬೀಮರ್ ಬೇಕಂತಲೇ ಹಾಕಿದ್ದು ಅಂತ ಪಾಕಿಸ್ತಾನದ ಫಾಸ್ಟ್ ಬೌಲರ್ ಶೋಯೆಬ್ ಅಖ್ತರ್ ಎಷ್ಟೋ ವರ್ಷ ಆದ್ಮೇಲೆ ತಾನೇ ಒಪ್ಪಿಕೊಂಡ. ಸಾವಿರಾರು ಬಾಲ್‌ಗಳ ನಡುವೆ ಆ ಒಂದು ಬಾಲನ್ನ ಯಾವ ಫಾರ್ಮುಲಾ ಹಿಡೀತಿತ್ತು ಹೇಳಿ? ಅಂದ್ರೆ ಲೆಕ್ಕ ನಂಬಿ ಕೂತ್ರೆ ನಿರಪರಾಧಿ ಸಿಕ್ಕಿಹಾಕೊಳ್ಳಬಹುದು, ಒಂದೇ ಸಲ ಸಿಟ್ಟಲ್ಲಿ ಹಾಕಿದವನು ಪಾರಾಗಬಹುದು.

ಅದಕ್ಕೇ ನಿಯಮ ಉದ್ದೇಶ ಸಾಬೀತಾಗಲಿ ಅಂತ ಕಾಯಲ್ಲ, ನನಗೆ ಅದು ಸರಿ ಅನ್ಸುತ್ತೆ. ಪಿಚ್ ಆಗದೆ ಸೊಂಟದ ಮೇಲೆ ಬಂದ್ರೆ ನೋ ಬಾಲ್, ಅಪಾಯಕಾರಿ ಅಂತ ಅಂಪೈರ್‌ಗೆ ಅನ್ಸಿದ್ರೆ ವಾರ್ನಿಂಗ್, ಮತ್ತೆ ಹಾಕಿದ್ರೆ ಆ ಇನ್ನಿಂಗ್ಸಲ್ಲಿ ಬೌಲಿಂಗೇ ಇಲ್ಲ. 2003ರ ವರ್ಲ್ಡ್ ಕಪ್‌ನಲ್ಲಿ ಆಸ್ಟ್ರೇಲಿಯಾದ ಸೈಮಂಡ್ಸ್ ಬ್ಯಾಟ್ ಮಾಡ್ತಿದ್ದಾಗ ಪಾಕಿಸ್ತಾನದ ಬೌಲರ್ ವಕಾರ್ ಯೂನಿಸ್ ಅವರನ್ನ ಹೀಗೇ ಬೌಲಿಂಗ್‌ನಿಂದ ತೆಗೆದ್ರು. ಬೇಕಂತಲೇ ಹಾಕಿದ್ದು ಅಂತ ಅಂಪೈರ್‌ಗೆ ಖಾತ್ರಿ ಆದ್ರೆ ವಾರ್ನಿಂಗೂ ಬೇಕಿಲ್ಲ, ಬೌಲಿಂಗ್‌ನಿಂದ ನೇರ ಹೊರಗೆ. ಬ್ಯಾಟ್ಸ್‌ಮನ್ ತಲೆ ಉಳಿಸೋಕೆ ಇಷ್ಟು ಅಧಿಕಾರ ಇದೆ, ಅದನ್ನ ಅಂಪೈರ್‌ಗಳು ಹಿಂಜರೀದೆ ಬಳಸಬೇಕು, ಬಳಸದಿದ್ದಾಗ ನಾವು ಅವರ ವಿರುದ್ಧ ಬರೀತೀವಿ.

ಆ ಬೌಲರ್ ಹೆಸರು ಮಾತ್ರ ಹಾಕಲ್ಲ. ಅವನು ಹಾಕಿದ ಅಷ್ಟೂ ಯಾರ್ಕರ್‌ಗಳ ಬಾಲ್ ಬೈ ಬಾಲ್ ಲೆಕ್ಕ, ಸರಿಯಾಗಿ ಬಿದ್ದಿದ್ದೂ ಸೇರಿಸಿ, ನಿಮ್ಮ ಹತ್ರ ಇದ್ರೆ ಕಳಿಸಿ, ಕೂತು ನೋಡ್ತೀನಿ.

— ಸಂಪಾದಕ