ವಿಂಡೋಸ್ ಅಪ್‌ಡೇಟ್ ಪದೇ ಪದೇ ಫೇಲ್ ಆಗುತ್ತಿದೆ, ಫಾರ್ಮ್ಯಾಟ್ ಮಾಡಿಸಲೇಬೇಕಾ?

ಈಗಲೇ ಬೇಡ. ನೀವು ಬರೆದಿರುವ ಪ್ರಕಾರ ನಿಮ್ಮ ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ತಿಂಗಳ ಅಪ್‌ಡೇಟ್ ಪೂರ್ತಿ ಡೌನ್‌ಲೋಡ್ ಆಗುತ್ತದೆ, ರೀಸ್ಟಾರ್ಟ್ ಕೇಳುತ್ತದೆ, ಅರ್ಧದವರೆಗೆ ಹೋಗಿ "ಅಂಡೂಯಿಂಗ್ ಚೇಂಜಸ್" ಎಂದು ತೋರಿಸಿ ಮೊದಲಿದ್ದ ಸ್ಥಿತಿಗೇ ಬಂದು ನಿಲ್ಲುತ್ತದೆ. ಅಂಗಡಿಯವರು "ಫಾರ್ಮ್ಯಾಟ್ ಮಾಡಿದ್ರೆ ಎಲ್ಲಾ ಸರಿಹೋಗುತ್ತೆ" ಅಂದಿದ್ದಾರೆ. ಸರಿಹೋಗಲೂಬಹುದು. ಆದರೆ ಯಾಕೆ ಕೆಟ್ಟಿತ್ತು ಅನ್ನುವುದು ಯಾರಿಗೂ ತಿಳಿಯುವುದಿಲ್ಲ. ಕಾರಣ ಹಾರ್ಡ್ ಡಿಸ್ಕ್‌ನಲ್ಲೋ ಡ್ರೈವರ್‌ನಲ್ಲೋ (ಯಂತ್ರದ ಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ಸಾಫ್ಟ್‌ವೇರ್) ಇದ್ದರೆ ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಪರದೆ ಎದುರಾಗುತ್ತದೆ.

ನಾನು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಮತ್ತು ಆಫೀಸಿನ ಸಿಸ್ಟಂಗಳನ್ನು ನೋಡಿಕೊಳ್ಳುತ್ತೇನೆ. ಫಾರ್ಮ್ಯಾಟ್ ಅಂದರೆ ನಮ್ಮಲ್ಲಿ ಏನೇನು ಹೋಗುತ್ತದೆ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದ ಮಗುವಿನ ಫೋಟೋಗಳು, ಡೌನ್‌ಲೋಡ್ಸ್‌ನಲ್ಲೇ ಬಿದ್ದಿದ್ದ ಪಹಣಿ ಮತ್ತು ಮಾರ್ಕ್ಸ್ ಕಾರ್ಡ್, ಟ್ಯಾಲಿಯ ಡೇಟಾ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಪತ್ರಗಳು ಉಳಿದಿದ್ದರೂ, ಆ ಫಾಂಟ್ ಅಳಿಸಿಹೋದ ಮೇಲೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ನುಡಿಯನ್ನು ಮತ್ತೆ ಹಾಕಿದರೆ ಪತ್ರ ಮೊದಲಿನಂತೆ ಕಾಣುತ್ತದೆ, ಆದರೆ ಇದು ಗೊತ್ತಿಲ್ಲದೆ ಫೈಲೇ ಕೆಟ್ಟಿದೆ ಎಂದು ಡಿಲೀಟ್ ಮಾಡಿದವರಿದ್ದಾರೆ.

ಮೊದಲು ಒಂದು ಸಮಾಧಾನದ ಮಾತು. "ಅಂಡೂಯಿಂಗ್ ಚೇಂಜಸ್" ಬರುತ್ತಿದೆ ಎಂದರೆ ವಿಂಡೋಸ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಎಂದರ್ಥ. ನಿಮ್ಮ ಫೈಲುಗಳಿಗೆ ಏನೂ ಆಗಿರುವುದಿಲ್ಲ. ಆ ಪರದೆ ಎಷ್ಟು ಹೊತ್ತು ನಿಂತರೂ ಪವರ್ ಬಟನ್ ಒತ್ತಬೇಡಿ, ಚಾರ್ಜರ್ ತೆಗೆಯಬೇಡಿ. ಕರೆಂಟ್ ಕೈಕೊಡುವ ಊರಾದರೆ ಬ್ಯಾಟರಿ ಪೂರ್ತಿ ಚಾರ್ಜ್ ಆದಮೇಲೇ ಅಪ್‌ಡೇಟ್‌ಗೆ ಕೈಹಾಕಿ.

ಇನ್ನೊಂದು ಕೆಲಸವನ್ನು ಉಳಿದದ್ದೆಲ್ಲಕ್ಕಿಂತ ಮೊದಲು ಮಾಡಿ. ವಿಂಡೋಸ್ 11 ಇರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುತ್ತದೆ, ಮಾಲೀಕರಿಗೆ ಅದು ಗೊತ್ತೇ ಇರುವುದಿಲ್ಲ. ರಿಪೇರಿಯ ನಡುವೆ ಯಾವಾಗಲಾದರೂ ಆ ಬೀಗದ, ಅಂದರೆ ಬಿಟ್‌ಲಾಕರ್‌ನ, ರಿಕವರಿ ಕೀ ಕೇಳಬಹುದು. ಅದು 48 ಅಂಕಿಗಳ ಕೀ. ಲ್ಯಾಪ್‌ಟಾಪ್‌ಗೆ ಯಾವ ಮೈಕ್ರೋಸಾಫ್ಟ್ ಅಕೌಂಟ್ ಹಾಕಿದ್ದೀರೋ ಅದಕ್ಕೆ ಫೋನಿನ ಬ್ರೌಸರ್‌ನಿಂದ ಲಾಗಿನ್ ಆದರೆ, ಡಿವೈಸಸ್ ಪುಟದಲ್ಲಿ ಸಿಗುತ್ತದೆ. ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಈ ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದನ್ನು ಅಂಗಡಿಯವರೂ ತೆಗೆಯಲಾರರು, ನಾನೂ ತೆಗೆಯಲಾರೆ. ಜೊತೆಗೆ ಮುಖ್ಯವಾದ ಫೈಲುಗಳನ್ನು ಪೆನ್‌ಡ್ರೈವ್‌ಗೋ ಎಕ್ಸ್‌ಟರ್ನಲ್ ಡಿಸ್ಕ್‌ಗೋ ಹಾಕಿ ತೆಗೆದಿಡಿ.

ಈಗ ವಿಷಯಕ್ಕೆ ಬರೋಣ. ಅಪ್‌ಡೇಟ್ ಯಾವ ಹಂತದಲ್ಲಿ ನಿಲ್ಲುತ್ತದೆ, ಯಾವ ಎರರ್ ಕೋಡ್ ಕೊಡುತ್ತದೆ, ಈ ಎರಡು ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್, ಅದರೊಳಗೆ ಅಪ್‌ಡೇಟ್ ಹಿಸ್ಟರಿ ತೆರೆಯಿರಿ. ಅಲ್ಲಿ ಕೆಬಿ ಎಂದು ಶುರುವಾಗುವ ಅಪ್‌ಡೇಟ್ ನಂಬರ್ ಇರುತ್ತದೆ, ಫೇಲ್ ಆದ ಸಾಲಿನಲ್ಲಿ ಸೊನ್ನೆ-ಎಕ್ಸ್ ಎಂದು ಶುರುವಾಗುವ ಕೋಡ್ ಇರುತ್ತದೆ. ಎರಡನ್ನೂ ಬರೆದುಕೊಳ್ಳಿ. ಮುಂದೆ ನಾನು ಕೋಡ್ ಹೇಳುವಾಗ ಆ ಸೊನ್ನೆ-ಎಕ್ಸ್ ಬಿಟ್ಟು ಬರೆದಿದ್ದೇನೆ.

ಡೌನ್‌ಲೋಡ್ ಹಂತದಲ್ಲೇ ನಿಲ್ಲುವವರ ಸಮಸ್ಯೆ ಬೇರೆ. ನೆಟ್ ಸರಿಯಿಲ್ಲದಿರಬಹುದು, ಹಾಟ್‌ಸ್ಪಾಟ್ ಮೀಟರ್ಡ್ ಕನೆಕ್ಷನ್ (ಡೇಟಾ ಮಿತವಾಗಿ ಬಳಸಬೇಕಾದ ಸಂಪರ್ಕ) ಎಂದು ಸೆಟ್ ಆಗಿರಬಹುದು, ವಿಪಿಎನ್ (ನೆಟ್ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಕಳಿಸುವ ಸಾಫ್ಟ್‌ವೇರ್) ಅಡ್ಡ ಬಂದಿರಬಹುದು. ನಮ್ಮ ಲೈಬ್ರರಿಯ ಹಳೆಯ ಡೆಸ್ಕ್‌ಟಾಪ್ ಒಂದು 80072ಎಫ್8ಎಫ್ ಎಂಬ ಕೋಡ್ ಕೊಡುತ್ತಿತ್ತು. ಕಾರಣ ಹುಡುಕುತ್ತಾ ಹೋದರೆ ಮೂಲೆಯಲ್ಲಿದ್ದ ಗಡಿಯಾರ ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತಿತ್ತು. ಮದರ್‌ಬೋರ್ಡ್ ಮೇಲಿನ ಸಿಮಾಸ್ ಬ್ಯಾಟರಿ, ಅದೇ ನಾಣ್ಯದಷ್ಟು ದೊಡ್ಡ ಸಿಆರ್2032, ಸತ್ತಿತ್ತು. ತಾರೀಖು ತಪ್ಪಿದ್ದರೆ ಸರ್ವರ್‌ನ ಭದ್ರತಾ ಸರ್ಟಿಫಿಕೇಟ್ ಸಿಸ್ಟಂಗೆ ಹೊಂದುವುದಿಲ್ಲ, ಸಂಪರ್ಕವೇ ಆಗುವುದಿಲ್ಲ. ಬ್ಯಾಟರಿ ಬದಲಿಸಿ ಸಮಯ ಸರಿಮಾಡಿದ ಮೇಲೆ ಅಪ್‌ಡೇಟ್ ತನ್ನಷ್ಟಕ್ಕೆ ಇಳಿಯಿತು. ಆ ಮಷಿನ್‌ಗೂ ಯಾರೋ ಫಾರ್ಮ್ಯಾಟ್ ಎಂದೇ ಸಲಹೆ ಕೊಟ್ಟಿದ್ದರು.

ನಿಮ್ಮದು ರೀಸ್ಟಾರ್ಟ್ ಆದಮೇಲೆ ಕೆಡುತ್ತಿದೆ. ಹಾಗಾಗಿ ನೆಟ್‌ವರ್ಕ್‌ನ ಮೇಲೆ ಅನುಮಾನ ಕಡಿಮೆ. ಇಂಟರ್ನೆಟ್‌ನಲ್ಲಿ ಎಲ್ಲರೂ ಮೊದಲು ಹೇಳುವುದು ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರ್‌ನ ಹೆಸರು ಬದಲಿಸಿ ಎಂದು. ಅಲ್ಲಿರುವುದು ಡೌನ್‌ಲೋಡ್ ಆದ ಅಪ್‌ಡೇಟ್ ಫೈಲುಗಳು. ಡೌನ್‌ಲೋಡ್ ಕೆಟ್ಟವರಿಗೆ ಅದು ನಿಜವಾಗಿ ಕೆಲಸ ಮಾಡುತ್ತದೆ, ನಿಮ್ಮಂಥ ಕೇಸ್‌ನಲ್ಲಿ ಅಪರೂಪ. ಮಾಡಿದರೆ ನಷ್ಟವೇನಿಲ್ಲ, ಆದರೆ ಅದರಲ್ಲೇ ಸಂಜೆ ಕಳೆಯಬೇಡಿ.

ನಿಮ್ಮ ಹಂತದಲ್ಲಿ ಮೊದಲ ಅನುಮಾನ ಜಾಗದ ಮೇಲೆ. ಸಿ ಡ್ರೈವ್‌ನಲ್ಲಿ 20 ಜಿಬಿಯಾದರೂ ಖಾಲಿ ಇರಲಿ. 80070070 ಎಂಬ ಕೋಡ್ ಬಂದರೆ ಜಾಗ ಸಾಲದು ಎಂದೇ ಅರ್ಥ. ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಟೆಂಪರರಿ ಫೈಲ್ಸ್ ಅಳಿಸಬಹುದು. ಆದರೆ ಅಲ್ಲಿಯ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಸಾಲೂ ಇರುತ್ತದೆ. ಅದರ ಮುಂದೆ ಟಿಕ್ ಇದ್ದರೆ ತೆಗೆದುಬಿಡಿ, ಇಲ್ಲದಿದ್ದರೆ ನಿಮ್ಮ ಡೌನ್‌ಲೋಡ್ಸ್ ಫೋಲ್ಡರ್ ಖಾಲಿಯಾಗುತ್ತದೆ. ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ದೊಡ್ಡದಾಗಿ ಕಾಣುತ್ತದೆ ಎಂದು ಕೈಯಾರೆ ಅಳಿಸಲು ಹೋಗಬೇಡಿ, ವಿಂಡೋಸ್‌ನ ರಿಪೇರಿಗೆ ಬೇಕಾದ ಭಾಗಗಳೆಲ್ಲ ಅಲ್ಲೇ ಇರುವುದು.

ಸಿ ಡ್ರೈವ್‌ನಲ್ಲಿ 100 ಜಿಬಿ ಖಾಲಿ ಇದ್ದರೂ ಜಾಗದ ತೊಂದರೆ ಬರಬಹುದು, ಇದು ಬಹಳ ಜನರಿಗೆ ಗೊತ್ತಿಲ್ಲ. ಕಣ್ಣಿಗೆ ಕಾಣದ ಸಣ್ಣ ಪಾರ್ಟಿಷನ್‌ಗಳು, ಅಂದರೆ ಪ್ರತ್ಯೇಕ ಭಾಗಗಳು, ಡಿಸ್ಕ್‌ನಲ್ಲಿ ಇರುತ್ತವೆ. 2024ರ ಜನವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಕೆಬಿ5034441 ಇದಕ್ಕೆ ದೊಡ್ಡ ಉದಾಹರಣೆ. ಬಿಟ್‌ಲಾಕರ್‌ನ ಒಂದು ಭದ್ರತಾ ಲೋಪ ಮುಚ್ಚಲು ಬಂದ ಆ ಅಪ್‌ಡೇಟ್‌ಗೆ ವಿಂಡೋಸ್ ರಿಪೇರಿ ಸಾಧನಗಳಿರುವ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಬೇಕಿತ್ತು. ಎಷ್ಟೋ ಮಷಿನ್‌ಗಳಲ್ಲಿ ಅಷ್ಟು ಇರಲಿಲ್ಲ. ಪರದೆಯ ಮೇಲೆ ಬರುತ್ತಿದ್ದದ್ದು ಮಾತ್ರ 80070643, ಅಂದರೆ ಇನ್‌ಸ್ಟಾಲ್ ಆಗಲಿಲ್ಲ ಎನ್ನುವ ಸಾಮಾನ್ಯ ಕೋಡ್. ಜಾಗದ ಸುಳಿವೇ ಅದರಲ್ಲಿರಲಿಲ್ಲ. ಜನ ವಿಂಡೋಸನ್ನೇ ಮತ್ತೆ ಹಾಕಿಸಿಕೊಂಡರು, ಪಾರ್ಟಿಷನ್ ಅಷ್ಟೇ ಗಾತ್ರದಲ್ಲಿ ಉಳಿದಿದ್ದರಿಂದ ಮತ್ತೆ ಅದೇ ಕೋಡ್ ಬಂತು. ಫಾರ್ಮ್ಯಾಟ್ ಎಲ್ಲಕ್ಕೂ ಮದ್ದಲ್ಲ ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ.

ವಿಂಡೋಸ್ 11ರಲ್ಲಿ ಇದೇ ಜಾತಿಯ ಕೋಡ್ 800ಎಫ್0922. ಇಲ್ಲಿ ಅನುಮಾನ ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಷನ್ ಮೇಲೆ. ಅದು ಸಾಮಾನ್ಯವಾಗಿ 100 ಎಂಬಿ ಇರುತ್ತದೆ. ಲ್ಯಾಪ್‌ಟಾಪ್ ಕಂಪನಿಗಳ ಬಯೋಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಫೈಲುಗಳು ಅಲ್ಲಿ ಸೇರಿಕೊಂಡರೆ ಜಾಗ ಮುಗಿಯುತ್ತದೆ. ಇದನ್ನು ಸರಿಮಾಡುವುದು ಸಾಧ್ಯ, ಆದರೆ ಕೈ ತಪ್ಪಿದರೆ ಲ್ಯಾಪ್‌ಟಾಪ್ ಬೂಟ್ ಆಗುವುದಿಲ್ಲ. ನಿಮಗೆ ಈ ಕೋಡ್ ಬಂದಿದ್ದರೆ ವಿಪಿಎನ್ ಆಫ್ ಮಾಡಿ ಒಮ್ಮೆ ನೋಡಿ, ಅದಕ್ಕೂ ಬಗ್ಗದಿದ್ದರೆ ಪಾರ್ಟಿಷನ್ ಕೆಲಸ ತಿಳಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮುಂದುವರಿಯಿರಿ.

ಜಾಗ ಸರಿಯಿದ್ದರೆ ಮುಂದಿನದು ಹೊರಗಿನ ಅಡ್ಡಿಗಳು. ಪ್ರಿಂಟರ್, ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಡಿಸ್ಕ್ ಎಲ್ಲ ಕಿತ್ತಿಡಿ. ಬೇರೆ ಆ್ಯಂಟಿವೈರಸ್ ಹಾಕಿದ್ದರೆ ಸುಮ್ಮನೆ ಆಫ್ ಮಾಡಿದರೆ ಸಾಲದು, ತಾತ್ಕಾಲಿಕವಾಗಿ ಅನ್‌ಇನ್‌ಸ್ಟಾಲ್ ಮಾಡಿ. ವಿಂಡೋಸ್‌ನ ಡಿಫೆಂಡರ್ ಅಷ್ಟು ಹೊತ್ತು ಕಾವಲಿಗೆ ಸಾಕು. ಸಿ1900101 ಎಂದು ಶುರುವಾಗುವ ಕೋಡ್ ಕಂಡರೆ ಸಾಮಾನ್ಯವಾಗಿ ಡ್ರೈವರ್ ಜಗಳ. ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಿಂದ ನಿಮ್ಮ ಮಾಡೆಲ್‌ನ ಹೊಸ ಡ್ರೈವರ್ ಹಾಕಿ.

ಆಮೇಲೆ ವಿಂಡೋಸ್‌ನ ಸ್ವಂತ ಫೈಲುಗಳ ರಿಪೇರಿ. ಕಮಾಂಡ್ ಪ್ರಾಂಪ್ಟನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಎಂದು ತೆರೆಯಿರಿ. ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್ (DISM /Online /Cleanup-Image /RestoreHealth) ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ, ಪ್ರತಿ ಓರೆಗೆರೆಗೂ ಮುಂಚೆ ಒಂದು ಸ್ಪೇಸ್ ಇರಲಿ. ನೆಟ್ ಆನ್ ಇರಬೇಕು, ಏಕೆಂದರೆ ಕೆಟ್ಟ ಫೈಲಿಗೆ ಬದಲಿಯನ್ನು ಅದು ಮೈಕ್ರೋಸಾಫ್ಟ್ ಸರ್ವರ್‌ನಿಂದ ತರುತ್ತದೆ. ಶೇಕಡಾ 62.3ಕ್ಕೆ ಬಂದು ಬಹಳ ಹೊತ್ತು ಅಲ್ಲಾಡದೆ ನಿಲ್ಲುವುದು ಇದರ ಅಭ್ಯಾಸ. ಹ್ಯಾಂಗ್ ಆಯಿತೆಂದು ವಿಂಡೋ ಮುಚ್ಚಬೇಡಿ, ಊಟ ಮಾಡಿ ಬನ್ನಿ. ಅದು ಮುಗಿದ ಮೇಲೆ ಎಸ್‌ಎಫ್‌ಸಿ /ಸ್ಕ್ಯಾನ್‌ನೌ (sfc /scannow) ಕೊಡಿ. ಈ ಕ್ರಮ ತಿರುವುಮುರುವು ಮಾಡಬೇಡಿ: ಎಸ್‌ಎಫ್‌ಸಿ ರಿಪೇರಿಗೆ ಬಳಸುವ ಮೂಲ ಫೈಲುಗಳನ್ನು ಸರಿಮಾಡುವುದು ಡಿಐಎಸ್‌ಎಂ. ಎರಡೂ ಆದಮೇಲೆ ರೀಸ್ಟಾರ್ಟ್ ಮಾಡಿ ಅಪ್‌ಡೇಟ್ ಕೊಡಿ. 80073712 ತರಹದ ಕೋಡ್‌ಗಳು ಬಹುಮಟ್ಟಿಗೆ ಇಲ್ಲಿಗೇ ಮುಗಿಯುತ್ತವೆ.

ಇಷ್ಟಕ್ಕೂ ಬಗ್ಗದಿದ್ದರೆ, ಫಾರ್ಮ್ಯಾಟ್‌ಗೆ ಬದಲು ಮಾಡಬೇಕಾದದ್ದು ಇದು. ಇತ್ತೀಚಿನ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿಗೆ ಹೋದರೆ "ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್" ಎಂಬ ಸಾಲಿನ ಮುಂದೆ ರೀಇನ್‌ಸ್ಟಾಲ್ ನೌ ಬಟನ್ ಇದೆ. ವಿಂಡೋಸ್ ಪೂರ್ತಿ ಹೊಸದಾಗಿ ಕೂರುತ್ತದೆ, ನಿಮ್ಮ ಫೈಲು, ಪ್ರೋಗ್ರಾಂ, ಸೆಟ್ಟಿಂಗ್ ಎಲ್ಲ ಹಾಗೇ ಉಳಿಯುತ್ತವೆ. ಹತ್ತಿರದಲ್ಲೇ ಇರುವ ರೀಸೆಟ್ ಬಟನ್ ಬೇರೆ, ಅದು ನೀವು ಹಾಕಿಕೊಂಡ ಪ್ರೋಗ್ರಾಂಗಳನ್ನು ತೆಗೆದುಹಾಕುತ್ತದೆ, ಅದನ್ನು ಒತ್ತಬೇಡಿ. ಈ ಬಟನ್ ಕಾಣದಿದ್ದರೆ ಮೈಕ್ರೋಸಾಫ್ಟ್ ಸೈಟ್‌ನಿಂದ ಐಎಸ್‌ಒ (ವಿಂಡೋಸ್ ಇನ್‌ಸ್ಟಾಲ್ ಮಾಡುವ ಫೈಲು) ಇಳಿಸಿ, ಅದರೊಳಗಿನ ಸೆಟಪ್ ಓಡಿಸಿ, ಫೈಲು ಮತ್ತು ಆ್ಯಪ್‌ಗಳನ್ನು ಉಳಿಸಿಕೊಳ್ಳುವ ಆಯ್ಕೆ ಕೊಡಿ. ಆ ಆಯ್ಕೆ ಮಂಕಾಗಿ ಒತ್ತಲು ಬಾರದಂತಿದ್ದರೆ ಸಾಮಾನ್ಯವಾಗಿ ಭಾಷೆ ಹೊಂದಿಲ್ಲ ಎಂದು ತಿಳಿಯಿರಿ. ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಮತ್ತು ಇಂಗ್ಲಿಷ್ ಇಂಟರ್‌ನ್ಯಾಷನಲ್ ಎಂಬ ಎರಡು ಐಎಸ್‌ಒ ಇವೆ, ನಿಮ್ಮಲ್ಲಿ ಯಾವುದು ಕೂತಿದೆಯೋ ಅದನ್ನೇ ಇಳಿಸಬೇಕು.

ಒಂದು ಅಪವಾದ ಹೇಳಬೇಕು. ಲ್ಯಾಪ್‌ಟಾಪ್‌ಗೆ ಯಾರೋ "ಲೈಟ್" ವಿಂಡೋಸ್ ಹಾಕಿಕೊಟ್ಟಿದ್ದರೆ ಅಪ್‌ಡೇಟ್‌ನ ಭಾಗಗಳನ್ನೇ ಅದರಿಂದ ಕಿತ್ತಿರುತ್ತಾರೆ. ಅಲ್ಲಿ ಮೇಲಿನ ಯಾವುದೂ ನಡೆಯದಿರಬಹುದು, ಅಸಲಿ ವಿಂಡೋಸ್ ಹೊಸದಾಗಿ ಹಾಕುವುದೇ ದಾರಿ.

ಇನ್ನೊಂದು, ಡಿಸ್ಕ್ ಸಾಯುತ್ತಿರುವುದು. ವಿಂಡೋಸ್‌ನಲ್ಲಿ ಆದದ್ದೆಲ್ಲದರ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಂ ಲಾಗ್ ತೆರೆದು, ಸೋರ್ಸ್ ಡಿಸ್ಕ್, ಈವೆಂಟ್ ಐಡಿ 7 ಎಂಬ ಕೆಂಪು ಗುರುತಿನ ಸಾಲುಗಳಿವೆಯೇ ನೋಡಿ. ಬ್ಯಾಡ್ ಬ್ಲಾಕ್ ಎಂದು ಅದರಲ್ಲಿ ಬರೆದಿರುತ್ತದೆ. ಅವು ಸಾಲುಸಾಲಾಗಿ ಕಂಡರೆ ರಿಪೇರಿ ಕಮಾಂಡ್‌ಗಳನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಡೇಟಾ ತೆಗೆಯಿರಿ. ಆಗ ಅಂಗಡಿಗೆ ಹೋಗಿ ಹೊಸ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಅದರ ಮೇಲೆ ಹಾಕಲು ಹೇಳಿ. ಹಳೆಯ ಡಿಸ್ಕನ್ನು ಅಳಿಸಲು ಬಿಡಬೇಡಿ, ಕೇಳಿ ಮನೆಗೆ ತನ್ನಿ.